ಹತ್ತು ತಿಂಗಳ ಅಡ್ವಾನ್ಸ್

ಈಜೀಪುರದ ಏಳನೇ ಕ್ರಾಸಿನಲ್ಲಿ
ಟು-ಲೆಟ್ ಬೋರ್ಡು ನೋಡಿ ಬಂದವರು ಇಬ್ಬರು:
ಯಮನಪ್ಪ ಬಡಿಗೇರ, ಮಾಜಿ ಹವಾಲ್ದಾರ್, ಸ್ಯಾಪರ್;
ಹಿಂದೆ ಗಂಗವ್ವ, ಕಂಕುಳಲ್ಲಿ ಎಕ್ಸ್‌ರೇ ಕವರು.
ಗಜೇಂದ್ರಗಡದ ರಾತ್ರಿ ಬಸ್ಸಿನ ಧೂಳು
ಇನ್ನೂ ಮೀಸೆಯ ಮೇಲಿತ್ತು.
ವಾರಕ್ಕೆ ಮೂರು ಸಲ ಡಯಾಲಿಸಿಸ್ಸಂತೆ.
ಊರಲ್ಲಿ ಮನೆಯಿದೆ, ಮೆಷಿನ್ನಿಲ್ಲ.

ನಾನು ಎಲ್ಲರಿಗೂ ಕೇಳುವುದನ್ನೇ ಕೇಳಿದೆ:
ಹತ್ತು ತಿಂಗಳ ಅಡ್ವಾನ್ಸ್. ಮನೆಗೆ ನೆಂಟರು ಎಷ್ಟು ಜನ.
ಅವರು ಬಲಗಿವಿ ತಿರುಗಿಸಿದರು.
‘ಜೋರ್ ಹೇಳ್ರಿ ಅವ್ವಾರ, ಆ ಕಡೀದು
ಜಮ್ಮುದಾಗ ಬಿಟ್ಟ ಬಂದೀನಿ.’
ಹತ್ತು ಎಂದು ಎರಡನೇ ಸಲ ಕೂಗಿದಾಗ
ಅದೆಷ್ಟು ದೊಡ್ಡ ಸಂಖ್ಯೆಯೆಂದು ನನಗೇ ಕೇಳಿಸಿತು.
ಎಂಟಕ್ಕೆ ಇಳಿದೆ. ಅದಕ್ಕಿಂತ ಇಳಿಯಲಿಲ್ಲ;
ಮೇಲೊಂದು ಅಂತಸ್ತು ಎತ್ತಬೇಕಿತ್ತು.

ಬಾಡಿಗೆಯವರ ಬಗ್ಗೆ ನನಗೆ ಗೊತ್ತಿದ್ದದ್ದು ನೀರಿನ ಲೆಕ್ಕ.
ಕಾವೇರಿ ದಿನ ಬಿಟ್ಟು ದಿನ, ಮಿಕ್ಕದ್ದು ಟ್ಯಾಂಕರು,
ನಲ್ಲಿ ಬಿಟ್ಟವರನ್ನು ಬೈಯುವುದೇ ನನ್ನ ಸುಪ್ರಭಾತ.
ಇವರದು ಬೇರೆ ಲೆಕ್ಕ:
ದಿನಕ್ಕೆ ಮುಕ್ಕಾಲು ಲೀಟರು, ಸಾರು ಮಜ್ಜಿಗೆ ಸೇರಿ.
ಗಂಗವ್ವ ಬೆಳಿಗ್ಗೆ ಸೀಸೆಗೆ ಅಳೆದಿಟ್ಟರೆ
ರಾತ್ರಿಯವರೆಗೆ ಅಷ್ಟೇ.
ಮಾರ್ಚಿನ ಒಂದು ಮಧ್ಯಾಹ್ನ ಕಂಡೆ:
ಐಸಿನ ಚೂರೊಂದನ್ನು ದವಡೆಗಿಟ್ಟುಕೊಂಡು
ಸಂಪಿನ ಮುಚ್ಚಳದ ಮೇಲೆ ಕೂತಿದ್ದರು,
ಕೆಳಗೆ ಆರು ಸಾವಿರ ಲೀಟರು.

ಎಡಗೈಯ ನರ ಹಗ್ಗದ ಹಾಗೆ ಉಬ್ಬಿತ್ತು.
‘ಮುಟ್ಟಿ ನೋಡ್ರಿ.’
ಮುಟ್ಟಿದೆ. ಒಳಗೊಂದು ಮೋಟಾರು,
ಗೋಡೆಯಾಚೆ ಓಡುವಂತೆ, ಸಣ್ಣಗೆ, ಬಿಡದೆ.
ನಿದ್ದೆ ಬಾರದ ರಾತ್ರಿ ಅದನ್ನು
ಉಳಿದ ಕಿವಿಗೆ ಹಚ್ಚಿಕೊಂಡು ಕೇಳುತ್ತಾರಂತೆ;
ನಿಂತರೆ ಮೊದಲು ತಮಗೇ ತಿಳಿಯಲಿ ಅಂತ.

ಜೂನಿನಲ್ಲಿ ಪೈಪಿನವರು ಬೀದಿ ಅಗೆದು ಹೋದರು.
ಗೇಟಿಗೂ ಆಟೋಗೂ ನಡುವೆ ಮೂರಡಿ ಕಂದಕ.
ದೂರು ಕೊಡುವ ನಂಬರು ನಾನು ಹುಡುಕುತ್ತಿರುವಾಗ
ಎದುರು ಕಟ್ಟಡದ ಸೆಂಟ್ರಿಂಗ್ ಹಲಗೆ ಎರಡು ಎಳೆದು ತಂದರು.
ಭಾರ ಎತ್ತಬ್ಯಾಡ್ರಿ ಎಂದು ಗಂಗವ್ವ ಕೂಗಿದರು,
ಪಾಪ, ಕೇಳದ ಕಿವಿಯ ಕಡೆಯಿಂದ.
ಇಟ್ಟಿಗೆ ಜೋಡಿಸಿ, ತಂತಿ ಬಿಗಿದು,
ಮೇಲೆ ನಿಂತು ತಾವೇ ಮೂರು ಸಲ ಕುಪ್ಪಳಿಸಿ ನೋಡಿದರು.
ಹಾಲಿನವನು ದಾಟಿದ, ಇಸ್ಕೂಲಿನ ಮಕ್ಕಳು ದಾಟಿದವು,
ಬಸುರಿ ನಾಯಿ ಮೂಸಿ ನೋಡಿ ದಾಟಿತು.
‘ಟ್ಯಾಂಕ್ ದಾಟೂ ಹಂಗ ಕಟ್ಟಿದ್ವಿ ಒಂದ್ ಕಾಲಕ್ಕ’
ಅಂದವರು ಉಸಿರಿಗಾಗಿ ಗೇಟು ಹಿಡಿದರು.

ಆಗಸ್ಟಿನಲ್ಲಿ ಆಸ್ಪತ್ರೆಯ ಕೌಂಟರು ಹೇಳಿತು:
ರೆಫರಲ್ ಮುಗಿದಿದೆ, ಹೊಸದು ತನ್ನಿ.
ಪಾಲಿಕ್ಲಿನಿಕ್ಕು ಹೇಳಿತು:
ಸರ್ವರ್ ಡೌನು, ಸೋಮವಾರ ಬನ್ನಿ.
ಅಂದು ಗುರುವಾರ. ರಕ್ತಕ್ಕೆ ವಾರ ಗೊತ್ತಿಲ್ಲ.
ಜೊತೆಗೆ ಹೋಗಿದ್ದೆ, ಟೋಕನ್ನು ನೂರ ಹದಿನಾರು.
ಕೋಲಿನವರು, ವಾಕರಿನವರು, ವಿಧವೆಯರು,
ಗಂಟೆಗಟ್ಟಲೆ ನಿಂತರೂ
ಸಾಲನ್ನು ಒಬ್ಬರೂ ಮುರಿಯಲಿಲ್ಲ.
ನಾನು ಮುರಿದೆ.
ಟ್ಯಾಂಕರಿನವರನ್ನು ನಡುಗಿಸಿದ ಬಾಯಿ ಇದು;
ಸರ್ವರ್ ಹೆದರಲಿಲ್ಲ.

ಸಂಜೆ ಬೀರು ತೆಗೆದು, ಅಡ್ವಾನ್ಸಿನಿಂದ
ಎರಡು ತಿಂಗಳದ್ದು ಎಣಿಸಿ ಕೊಟ್ಟೆ.
ಗಂಗವ್ವ ಮತ್ತೆ ಎಣಿಸಿದರು, ನನ್ನೆದುರೇ, ಬೆರಳಿಗೆ ಎಂಜಲು ಹಚ್ಚಿ.
ಚುರುಕ್ಕೆಂದಿತು.
ಆಮೇಲೆ ಹೊಳೆಯಿತು, ದುಡ್ಡು ಅವರದೇ.
ದಾನ ಅಂದುಕೊಂಡವಳು ನಾನೊಬ್ಬಳೇ.

ಮೇಲಿನ ಅಂತಸ್ತು ಇನ್ನೂ ಬರೀ ಕಂಬಿ.
ಕಂದಕ ಮುಚ್ಚಿದ್ದಾರೆ; ಹಲಗೆಗಳು ಕಾಂಪೌಂಡಿಗೆ ಒರಗಿವೆ,
ಮತ್ತೆ ಅಗೆಯದೆ ಬಿಡುತ್ತಾರೆಯೇ.
ಮಂಗಳ, ಗುರು, ಶನಿ, ಐದಕ್ಕೆ ಆಟೋ.
ಅವರು ಹೋದ ಮೇಲೆ ನಾನು ಮೋಟಾರು ಹಾಕಿ
ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತೇನೆ ಸ್ವಲ್ಪ ಹೊತ್ತು.

ಒಂದನೇ ತಾರೀಖು ಬಾಡಿಗೆ ಬಂತು, ರಸೀದಿ ಕೇಳಿದರು.
ಹವಾಲ್ದಾರ್ ಯಮನಪ್ಪ ಬಡಿಗೇರ ಎಂದು ಬರೆದೆ.
‘ಮಾಜಿ’ಗೆ ಜಾಗ ಸಾಲಲಿಲ್ಲ.